ಶ್ಯಾಮ್‌ರಾಕ್ ಚಟ್ನಿಯ ಇಂಗ್ಲಿಷು

ಇಂಗ್ಲಿಷ್ ಕಲಿಯುವವರ ಬಾಯಲ್ಲಿ ದಿನಕ್ಕೊಂದು ಅನಾಹುತ ಆಗುತ್ತಲೇ ಇರುತ್ತದೆ. ಆಗಲಿಲ್ಲ ಅಂದರೆ ಅವತ್ತು ಅವರು ಬಾಯಿಯೇ ತೆರೆದಿಲ್ಲ ಅಂತ ಅರ್ಥ.

ನಾನು ಬಾಗಲಕೋಟೆ ಕಡೆಯವಳು. ಮದುವೆಯಾಗಿ ಬಂದು ಸೇರಿದ್ದು ಅಮೆರಿಕದ ರೆಡ್ಮಂಡಿನ ಎಜುಕೇಶನ್ ಹಿಲ್‌ಗೆ. ಹೆಸರಿನಲ್ಲೇ ವಿದ್ಯೆ ಇರುವ ಗುಡ್ಡ. ಆದರೂ ಆ ಗುಡ್ಡದ ಮೇಲೆ ಎಷ್ಟು ವರ್ಷ ಕೂತರೂ ನನಗೆ ಇಂಗ್ಲಿಷ್ ಮಾತಾಡಲು ಬರಲಿಲ್ಲ. ಓದಿದರೆ ತಿಳಿಯುತ್ತದೆ, ಬರೆದರೆ ಪಾಸಾಗುತ್ತೇನೆ, ಮಾತಾಡು ಅಂದರೆ ನಾಲಿಗೆ ರಜೆ ಹಾಕಿ ಹೋಗುತ್ತದೆ. ಫೋನ್ ಬಂದರೆ ಯಜಮಾನರ ಕೈಗೆ ಕೊಡುತ್ತಿದ್ದೆ. ಅವರು ಓವರ್‌ಲೇಕ್‌ನ ಆಫೀಸಿಗೆ ಹೋಗಿದ್ದರೆ, ಎರಡನೇ ಕ್ಲಾಸಿನ ಮಗಳ ಕೈಗೆ. ಒಮ್ಮೆ ಡಾಕ್ಟರು ನನಗೆ, "ಎಲ್ಲಿ ನೋವು?" ಅಂತ ಕೇಳಿದರು. ಮಗಳು ನನ್ನ ಪರವಾಗಿ ಹೊಟ್ಟೆ ಅಂದುಬಿಟ್ಟಳು. ನನಗೆ ನೋವಿದ್ದದ್ದು ಬೆನ್ನು.

ಅವತ್ತೇ ತೀರ್ಮಾನಿಸಿದೆ. ಕೆಲಸ ಮಾಡುವ ಪರವಾನಗಿಯೂ ಆಗಷ್ಟೇ ಕೈಗೆ ಬಂದಿತ್ತು. ಹತ್ತಿರದ ಶಾಲೆಯಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಮಕ್ಕಳನ್ನು ನೋಡಿಕೊಳ್ಳಲು ಜನ ಬೇಕು ಅಂತಲೂ ಕೇಳಿದ್ದೆ. ಆ ಕೆಲಸ ನನಗೆ ಬೇಕಿತ್ತು, ಅದಕ್ಕೆ ಮಾತು ಬೇಕಿತ್ತು. ಲೈಬ್ರರಿಯಲ್ಲಿ ಪುಕ್ಕಟೆ ನಡೆಯುವ ಇಂಗ್ಲಿಷ್ ಕ್ಲಾಸಿಗೆ ಹೋಗಿ ಕೂತೆ.

ನಮ್ಮ ಟೀಚರ್ ನಿವೃತ್ತರಾದ ಹೆಂಗಸು. ಬೆಳ್ಳಿ ಕೂದಲು, ದೊಡ್ಡ ನಗು. ಅವರ ಅಜ್ಜಿ ಐರ್ಲೆಂಡಿನಿಂದ ಬಂದವರಂತೆ. ಮಾರ್ಚ್ ಬಂದದ್ದೇ ತಡ, ವ್ಯಾಕರಣದ ಪುಸ್ತಕ ಪಕ್ಕಕ್ಕಿಟ್ಟು ಅಂದರು: "ಈ ತಿಂಗಳು ಪೂರ್ತಿ ನಮ್ಮ ಸೇಂಟ್ ಪ್ಯಾಟ್ರಿಕ್ಸ್ ಡೇ ಹಬ್ಬ. ಹಬ್ಬ ಒಳಗೆ ಬಂದರೆ ಭಾಷೆ ಹಿಂದೆಯೇ ಬರುತ್ತದೆ."

ಆರು ತಿಂಗಳಿಗೆಂದು ಊರಿಂದ ಬಂದಿದ್ದ ನಮ್ಮ ಅತ್ತೆ ಇದನ್ನು ಕೇಳಿ ಒಂದೇ ಪ್ರಶ್ನೆ ಹಾಕಿದರು. "ಹಬ್ಬ ಅಂದ್ಯಲ್ಲ, ಏನ್ ತಿಂತಾರ?"

೧. ಮೂರೆಲೆಯ ಗಿಡ

ಮೊದಲ ಪದ ಶ್ಯಾಮ್‌ರಾಕ್. ಆ ಹಬ್ಬದ ಗುರುತಾದ ಮೂರೆಲೆಯ ಪುಟ್ಟ ಸೊಪ್ಪು. ಟೀಚರ್ ಅಂಗಡಿಯಿಂದ ಒಂದೊಂದು ಚಿಕ್ಕ ಕುಂಡ ತಂದು ಎಲ್ಲರಿಗೂ ಹಂಚಿದರು. "ಮನೆಗೆ ಒಯ್ದು ನೀರು ಹಾಕಿ. ಮುಂದಿನ ವಾರ ನಿಮ್ಮ ಗಿಡದ ಬಗ್ಗೆ ಮೂರು ವಾಕ್ಯ ಹೇಳಬೇಕು."

ನಾನು ಅದನ್ನು ಅಡುಗೆಮನೆ ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ. ಅದೇ ನನ್ನ ತಪ್ಪು. ಅಡುಗೆಮನೆಯಲ್ಲಿರುವ ಹಸಿರೆಲ್ಲ ಅಡುಗೆಯದೇ ಅಂತ ನಮ್ಮ ಅತ್ತೆಯ ಸಿದ್ಧಾಂತ. ಒಂದು ದಿನ ನಾನು ಮಗಳನ್ನು ಶಾಲೆಗೆ ಬಿಟ್ಟು ಬರುವಷ್ಟರಲ್ಲಿ ಅತ್ತೆ ಒಂದು ಎಲೆ ಕಿತ್ತು ಬಾಯಿಗೆ ಹಾಕಿ ನೋಡಿದ್ದಾರೆ. ಹುಳಿಯಾಗಿದೆ. ಮಧ್ಯಾಹ್ನ ರೊಟ್ಟಿಯ ಪಕ್ಕ ಹಸಿರು ಚಟ್ನಿ ಬಂತು. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹಾಕಿ ಅರೆದದ್ದು, ಮೇಲೆ ಒಂದು ಚಮಚ ಎಣ್ಣೆ. ನಾನು ಎರಡು ರೊಟ್ಟಿ ತಿಂದಾದ ಮೇಲೆ ಕೇಳಿದೆ.

"ಅತ್ತಿ, ಇದು ಯಾವ ಸೊಪ್ಪಿನ ಚಟ್ನಿರಿ?"

"ನೀನ ತಂದಿಟ್ಟಿದ್ದೆಲ್ಲವಾ, ಕಿಟಕ್ಯಾಗ. ಸ್ವಲ್ಪ ಇತ್ತು. ಇನ್ನೊಮ್ಮೆ ತರೋ ಮುಂದ ಎರಡು ಕುಂಡ ತಗೊಂಬಾ."

ಮುಂದಿನ ವಾರ ಕ್ಲಾಸಿನಲ್ಲಿ ಎಲ್ಲರೂ ತಮ್ಮ ಗಿಡದ ಸುದ್ದಿ ಹೇಳಿದರು. ಒಬ್ಬರದು ಬೆಳೆಯುತ್ತಿದೆ, ಒಬ್ಬರದು ಹೂ ಬಿಟ್ಟಿದೆ. ನನ್ನ ಸರದಿ ಬಂತು. ಸುಳ್ಳು ಹೇಳೋಣ ಅಂದರೆ, ಸುಳ್ಳು ಹೇಳುವಷ್ಟು ಇಂಗ್ಲಿಷ್ ನನಗೆ ಬರುತ್ತಿರಲಿಲ್ಲ. ಎದ್ದು ನಿಂತು ನಿಜವನ್ನೇ ಹೇಳಿದೆ.

"ಇಟ್ ವಾಸ್ ವೆರಿ ಟೇಸ್ಟಿ."

ಟೀಚರ್ ಕನ್ನಡಕ ತೆಗೆದು ಒರೆಸಿಕೊಂಡು ಅಂದರು: "ಇವತ್ತು ಭೂತಕಾಲವನ್ನು ಸರಿಯಾಗಿ ಬಳಸಿದವಳು ಇವಳೊಬ್ಬಳೇ."

೨. ಉಪ್ಪಿನ ತಪ್ಪೇನು?

ನಮ್ಮ ಕ್ಲಾಸಿನಲ್ಲಿ ಉಕ್ರೇನಿನ ಒಬ್ಬ ಅಜ್ಜ ಇದ್ದರು. ಊರಲ್ಲಿ ದರ್ಜಿಯಾಗಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದಿದ್ದರು. ಮಾತು ಕಡಿಮೆ, ಮುಖದಲ್ಲಿ ನಗು ಇನ್ನೂ ಕಡಿಮೆ. ಟೀಚರ್ ಹೇಳಿದ ಪ್ರತಿ ಮಾತನ್ನೂ ಕೋರ್ಟಿನ ತೀರ್ಪಿನ ಹಾಗೆ ಗಂಭೀರವಾಗಿ ಕೇಳುವವರು.

ಅವತ್ತಿನ ಪದ ಪಿಂಚ್. "ಹಬ್ಬದ ದಿನ ಎಲ್ಲರೂ ಹಸಿರು ತೊಡಬೇಕು. ತೊಡದವರನ್ನು ಪಿಂಚ್ ಮಾಡುತ್ತಾರೆ" ಅಂತ ಟೀಚರ್ ಕಂದು ಕೋಟು ಹಾಕಿಕೊಂಡಿದ್ದ ಅಜ್ಜನ ತೋಳನ್ನು ಮೆಲ್ಲಗೆ ಚಿವುಟಿ ತೋರಿಸಿದರು. ಅಜ್ಜ ಬೆಚ್ಚಿ ನೋಡಿದರು. ಅವರಿಗೆ ಆ ಪದ ಜನ್ಮದಲ್ಲಿ ಮರೆಯುವಂತಿರಲಿಲ್ಲ. ನನ್ನ ಹತ್ತಿರ ಬಂದ ಟೀಚರ್ ಕೈಯ ಹಸಿರು ಬಳೆ ನೋಡಿ, "ನಿನ್ನನ್ನು ಯಾರೂ ಮುಟ್ಟುವ ಹಾಗಿಲ್ಲ. ನೀನು ವರ್ಷಪೂರ್ತಿ ಐರಿಷ್" ಅಂದರು. ಗಾಜಿನ ಬಳೆಗೆ ಅಂಥ ಶಕ್ತಿ ಇದೆ ಅಂತ ನನಗೂ ಅವತ್ತೇ ಗೊತ್ತಾದದ್ದು.

ಮುಂದಿನ ಪಾಠ ಐರಿಷ್ ಸೋಡಾ ಬ್ರೆಡ್ ಮಾಡುವ ವಿಧಾನ. ಟೀಚರ್ ಬೋರ್ಡಿನ ಮೇಲೆ ಬರೆಯುತ್ತ ಹೋದರು. ಮೈದಾ ಹಿಟ್ಟು, ಅಡುಗೆ ಸೋಡಾ, ಮಜ್ಜಿಗೆ. ಕೊನೆಗೆ, ಎ ಪಿಂಚ್ ಆಫ್ ಸಾಲ್ಟ್, ಅಂದರೆ ಒಂದು ಚಿಟಿಕೆ ಉಪ್ಪು.

ಅಜ್ಜ ಬೋರ್ಡು ನೋಡಿದರು. ತಮ್ಮ ತೋಳು ನೋಡಿಕೊಂಡರು. ಮತ್ತೆ ಬೋರ್ಡು ನೋಡಿದರು.

"ಟೀಚರ್, ಉಪ್ಪನ್ನು ಯಾಕೆ ಚಿವುಟಬೇಕು? ಅದು ಬಿಳಿ ಹಾಕಿಕೊಂಡಿದೆ ಅಂತಲೇ?"

ಟೀಚರಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಕುರ್ಚಿ ಹಿಡಿದುಕೊಂಡು ಕೂತುಬಿಟ್ಟರು. ಬೋರ್ಡಿನ ಮೇಲೆ ಬ್ರೆಡ್ಡು ಅರ್ಧಕ್ಕೇ ನಿಂತಿತು. ಅಜ್ಜ ಮಾತ್ರ ಉತ್ತರಕ್ಕಾಗಿ ಕಾಯುತ್ತಲೇ ಇದ್ದರು.

೩. ಬಂಗಾರ ಕಾಯುವವನು

ಮಗಳ ಶಾಲೆಯಲ್ಲೂ ಅದೇ ಹಬ್ಬ. ಹಸಿರು ಟೋಪಿಯ ಗೇಣುದ್ದದ ಮನುಷ್ಯನೊಬ್ಬ ಇದ್ದಾನಂತೆ, ಹೆಸರು ಲೆಪ್ರಿಕಾನ್. ಕಾಮನಬಿಲ್ಲಿನ ಬುಡದಲ್ಲಿ ಬಂಗಾರದ ಕೊಡ ಕಾಯುತ್ತಾನೆ. ಅವನನ್ನು ಹಿಡಿಯುವ ಬೋನು ಮಾಡುವುದು ಮಕ್ಕಳಿಗೆ ಮನೆಗೆಲಸ. ಮಗಳು ಶೂ ಡಬ್ಬಕ್ಕೆ ಬಣ್ಣ ಬಳಿದು, ಏಣಿ ಅಂಟಿಸಿ, ಊಟದ ಟೇಬಲ್ಲಿನ ಮೇಲೆ ಇಟ್ಟಳು.

ಅತ್ತೆ ವಿವರ ಕೇಳಿದರು. ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳುವುದು, ನಾನು ಕನ್ನಡದಲ್ಲಿ ಹೇಳುವುದು.

"ಬಂಗಾರ ಕಾಯಾವನ್ನ ಹಿಡೀತಾರೇನವಾ?" ಅತ್ತೆ ಗಾಬರಿಯಾದರು. "ನಮ್ಮ ಕಡೆ ಆ ಕೆಲಸಕ್ಕ ಹಾವು ಇರ್ತೈತಿ. ಅಂಥವ್ರನ್ನ ಹಿಡೀಬಾರ್ದು. ಕರದು, ಕುಂಡ್ರಿಸಿ, ಉಣ್ಣಾಕ ಕೊಡಬೇಕು."

"ಬಟ್ ಅಜ್ಜಿ, ಇಟ್ಸ್ ಎ ಟ್ರ್ಯಾಪ್!"

ಅತ್ತೆ ಕೇಳಲಿಲ್ಲ. ಬೋನಿನೊಳಗೆ ಒಂದು ಶೇಂಗಾ ಉಂಡಿ ಇಟ್ಟರು. ಅತಿಥಿಗೆ ಸಾಲದೆ ಹೋದರೆ ಅಂತ ಉಂಡಿಯ ಡಬ್ಬಿಯನ್ನೇ ಪಕ್ಕದಲ್ಲಿಟ್ಟರು.

ಬೆಳಿಗ್ಗೆ ಎದ್ದು ನೋಡಿದರೆ ಬೋನಿನೊಳಗಿನ ಉಂಡಿ ಇಲ್ಲ. ಡಬ್ಬಿಯೂ ಅರ್ಧ ಖಾಲಿ. ಯಜಮಾನರು ಆಫೀಸಿಗೆ ಹೊರಟು ಬಾಗಿಲ ಹತ್ತಿರ ಶೂ ಕಟ್ಟುತ್ತಿದ್ದರು. ಬಾಯಿ ತುಂಬಿತ್ತು, ಹಾಗಾಗಿ ಏನೂ ಮಾತಾಡಲಿಲ್ಲ. ಮಗಳು ಬೋನನ್ನು ಸುತ್ತು ಹಾಕಿ ಪರೀಕ್ಷೆ ಮಾಡಿದಳು. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು, ಅಜ್ಜಿಗೆ ತಿಳಿಯಲಿ ಅಂತ ಕನ್ನಡದಲ್ಲೇ ವರದಿ ಒಪ್ಪಿಸಿದಳು.

"ಅಜ್ಜಿ, ಲೆಪ್ರಿಕಾನೂ ಅಪ್ಪನ ಹಂಗ. ಡಬ್ಬಿ ಮುಚ್ಚೋದಿಲ್ಲ."

೪. ಸರಿಯಾದ ತಪ್ಪು ಉತ್ತರ

ಊಟದ ಕೋಣೆಯ ಕೆಲಸಕ್ಕೆ ಸಂದರ್ಶನ ಬಂತು. ಅದೂ ಸರಿಯಾಗಿ ಹಬ್ಬದ ದಿನವೇ. "ನಾ ಬರ್ಲೇನು?" ಅಂದರು ಯಜಮಾನರು. ಮಗಳು, ಬೇಕಾದರೆ ಶಾಲೆಗೆ ರಜೆ ಹಾಕಿ ಬರುತ್ತೇನೆ ಅಂದಳು. ಬೆನ್ನುನೋವಿನ ನೆನಪಾಗಿ ಇಬ್ಬರಿಗೂ ಬೇಡ ಅಂದೆ.

ಪ್ರಿನ್ಸಿಪಾಲರು ಆರಡಿ ಎತ್ತರದ ಮನುಷ್ಯ. ಒಳ್ಳೆಯ ಕಪ್ಪು ಸೂಟು, ತಲೆಯ ಮೇಲೆ ಮಾತ್ರ ಹಸಿರು ಕಾಗದದ ಟೋಪಿ. ಪಕ್ಕದಲ್ಲಿ ಅಡುಗೆಮನೆಯ ಮೇಲ್ವಿಚಾರಕಿ.

"ಈ ಕೆಲಸ ನಿಮಗೆ ಯಾಕೆ ಬೇಕು?"

"ಐ ಲೈಕ್ ಚಿಲ್ಡ್ರನ್" ಅಂದೆ. ಮಾತು ಗಿಡ್ಡವಾಯಿತು ಅನ್ನಿಸಿ ಸೇರಿಸಿದೆ, "ಐ ಆಲ್ಸೋ ಲೈಕ್ ಲಂಚ್."

ಮೇಲ್ವಿಚಾರಕಿ ತಲೆ ತಗ್ಗಿಸಿ ಪೆನ್ನು ಹುಡುಕತೊಡಗಿದರು. ಪೆನ್ನು ಕೈಯಲ್ಲೇ ಇತ್ತು.

"ಒಂದು ಮಗು ಇನ್ನೊಂದು ಮಗುವನ್ನು ಪಿಂಚ್ ಮಾಡಿತು ಅಂದುಕೊಳ್ಳಿ. ಮೊದಲು ಏನು ಮಾಡುತ್ತೀರಿ?"

ಪಿಂಚ್! ಇಡೀ ಇಂಗ್ಲಿಷ್ ಭಾಷೆಯಲ್ಲಿ ನನಗೆ ಬೇರುಸಹಿತ ಗೊತ್ತಿದ್ದ ಪದ. ಎದೆಯುಬ್ಬಿಸಿ ಹೇಳಿದೆ: "ಮೊದಲು, ಚಿವುಟಿಸಿಕೊಂಡ ಮಗು ಹಸಿರು ಹಾಕಿದೆಯೋ ಇಲ್ಲವೋ ನೋಡುತ್ತೇನೆ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಎಡವಟ್ಟಾಯಿತು ಅಂತ ಗೊತ್ತಾಗಿ ಗಡಿಬಿಡಿಯಲ್ಲಿ, ಆಮೇಲೆ ಇಬ್ಬರನ್ನೂ ಬೇರೆ ಬೇರೆ ಕೂರಿಸುತ್ತೇನೆ, ಅಳುವ ಮಗುವನ್ನು ಸಮಾಧಾನ ಮಾಡುತ್ತೇನೆ, ಟೀಚರಿಗೆ ತಿಳಿಸುತ್ತೇನೆ ಅಂತೆಲ್ಲ ಒಂದೇ ಉಸಿರಿಗೆ ಹೇಳಿದೆ. ಅಷ್ಟು ಉದ್ದದ ಇಂಗ್ಲಿಷನ್ನು ನಾನು ಅದುವರೆಗೆ ಆಡಿರಲಿಲ್ಲ.

ಪ್ರಿನ್ಸಿಪಾಲರು ಹೇಳಿದರು: "ನಿಮ್ಮ ಮೊದಲ ಉತ್ತರ ತಪ್ಪು. ನಮ್ಮ ಶಾಲೆಯಲ್ಲಿ ಚಿವುಟುವ ಹಾಗೇ ಇಲ್ಲ. ಆದರೆ ನಾನು ಈ ಪ್ರಶ್ನೆ ಯಾಕೆ ಕೇಳಿದೆ ಅಂತ ಅರ್ಥವಾದದ್ದು ನಿಮಗೊಬ್ಬರಿಗೇ."

ಮೇಲ್ವಿಚಾರಕಿ ಬಾಗಿಲವರೆಗೆ ಕಳಿಸಲು ಬಂದು ಮೆಲ್ಲಗೆ ಅಂದರು: "ಬೆಳಿಗ್ಗೆ ಅವರು ಹಸಿರಿಲ್ಲದೆ ಬಂದಿದ್ದರು. ಒಂದನೇ ಕ್ಲಾಸಿನ ಮಕ್ಕಳು ಚಿವುಟದೆ ಬಿಡಲಿಲ್ಲ. ಆ ಟೋಪಿ ಬಂದದ್ದು ಆಮೇಲೆ."

ಎರಡು ದಿನ ಬಿಟ್ಟು ಫೋನ್ ರಿಂಗಾಯಿತು. ಮಗಳು ಅಭ್ಯಾಸಬಲದಿಂದ ಕೈ ಚಾಚಿದಳು. ನಾನೇ ಎತ್ತಿಕೊಂಡೆ. ಕೆಲಸ ಸಿಕ್ಕಿತ್ತು. ಸಂತೋಷದಲ್ಲಿ ಥ್ಯಾಂಕ್ಯೂ ಹೇಳುವ ಬದಲು "ಯು ಆರ್ ವೆಲ್ಕಮ್" ಅಂದು ಇಟ್ಟುಬಿಟ್ಟೆ.

೫. ಆಶೀರ್ವಾದ

ಆ ವಾರದ ಕೊನೆಗೆ ಲೈಬ್ರರಿಯಲ್ಲಿ ನಮ್ಮ ಕ್ಲಾಸಿನ ಹಬ್ಬದೂಟ. ಐರಿಷ್ ಜನ ಬೀಳ್ಕೊಡುವಾಗ, ದಾರಿಯೇ ಎದ್ದು ಬಂದು ನಿನ್ನನ್ನು ಎದುರುಗೊಳ್ಳಲಿ ಅಂತ ಹರಸುತ್ತಾರಂತೆ. ಹಾಗೆಯೇ ನಾವೂ ನಮ್ಮ ನಮ್ಮ ಭಾಷೆಯ ಒಂದು ಹಾರೈಕೆಯನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಬೇಕು ಅಂದಿದ್ದರು ಟೀಚರ್. ನಾನು ಅಪಾಯವಿಲ್ಲದ್ದೊಂದು ಆರಿಸಿಕೊಂಡಿದ್ದೆ. "ಒಳ್ಳೇದಾಗಲಿ."

ಆದರೆ ಅತ್ತೆಯೂ ಬರುತ್ತೇನೆ ಅಂದರು. ಸೊಸೆಗೆ ಮಾತು ಕಲಿಸಿ ಕೆಲಸ ಕೊಡಿಸಿದ ಅಕ್ಕೋರನ್ನು ಕಣ್ಣಾರೆ ನೋಡಬೇಕಿತ್ತಂತೆ. ಇಳಕಲ್ ಸೀರೆ ಉಟ್ಟು ಬಂದರು. ಟೀಚರಿಗೆ ಅತ್ತೆಯನ್ನು ಕಂಡು ಸಂಭ್ರಮವೋ ಸಂಭ್ರಮ. ಮುಂದಿನ ಕುರ್ಚಿಯಲ್ಲಿ ಕೂರಿಸಿ, ತಾವು ಎದುರಿಗೆ ಸ್ಟೂಲು ಎಳೆದುಕೊಂಡು ಕೂತು, "ಹಿರಿಯರು ನೀವೇ ಇದ್ದೀರಿ. ಹಾರೈಕೆ ನಿಮ್ಮದೇ ಆಗಲಿ" ಅಂತ ತಲೆ ಬಗ್ಗಿಸಿದರು.

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅತ್ತೆ ಸಂಕೋಚಪಡಲಿಲ್ಲ. ಬೆಳ್ಳಿ ಕೂದಲಿನ ಮೇಲೆ ಎರಡೂ ಕೈ ಇಟ್ಟು, ಕಣ್ಣು ಮುಚ್ಚಿ, ಊರಲ್ಲಿ ಹೆಣ್ಣುಮಕ್ಕಳಿಗೆ ಹರಸುವ ಹಾಗೆಯೇ ಹರಸಿದರು. "ಮುತ್ತೈದಿಯಾಗಿ ಬಾಳವಾ. ಎಂಟು ಗಂಡಮಕ್ಕಳ ತಾಯಿಯಾಗು."

ಟೀಚರ್ ಮದುವೆಯೇ ಆದವರಲ್ಲ. ಅದು ಅತ್ತೆಗೆ ಗೊತ್ತಿಲ್ಲ.

"ಏನಂದರು?" ಟೀಚರ್ ಕೇಳಿದರು.

"ಒಳ್ಳೇದಾಗಲಿ ಅಂದರು" ಅಂದೆ.

"ಅಷ್ಟು ಉದ್ದ ಹೇಳಿದರಲ್ಲ! ಒಂದು ಪದವೂ ಬಿಡದೆ ಹೇಳು. ಇದೇ ನಿನ್ನ ಪರೀಕ್ಷೆ."

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ನೆಲ ನೋಡುತ್ತ, ಒಂದೊಂದೇ ಪದ ಜೋಡಿಸಿ ಹೇಳಿದೆ. "ನಿಮ್ಮ ಗಂಡ ನೂರು ಕಾಲ ಬದುಕಲಿ. ನಿಮಗೆ ಎಂಟು ಗಂಡುಮಕ್ಕಳು ಹುಟ್ಟಲಿ."

ಟೀಚರ್ ಮೆಲ್ಲಗೆ ತಲೆ ಎತ್ತಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ತುಟಿ ಅದುರುತ್ತಿತ್ತು.

"ವಾಕ್ಯದಲ್ಲಿ ತಪ್ಪಿಲ್ಲ. ನೀನು ಪಾಸು. ಇನ್ನು ನಿಮ್ಮ ಅತ್ತೆಗೆ ಕೇಳು, ಮಕ್ಕಳ ವಿಚಾರ ಆಮೇಲೆ ನೋಡೋಣ, ಮೊದಲು ಗಂಡನಿಂದ ಶುರು ಮಾಡಬಹುದೇ ಅಂತ."

ಇಡೀ ಕ್ಲಾಸು ಹೋ ಎಂದು ನಕ್ಕಿತು. ನಾನು ಅತ್ತೆಯ ಕಡೆ ತಿರುಗಿ ಕನ್ನಡದಲ್ಲಿ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಎಲ್ಲರೂ ತಿರುಗಿದೆವು. ಉಕ್ರೇನಿನ ಅಜ್ಜ ಎದ್ದು ನಿಂತಿದ್ದರು. ಕೋಟಿನ ಗುಂಡಿ ಹಾಕಿಕೊಂಡರು, ಕೂದಲು ಸವರಿಕೊಂಡರು. ಆಮೇಲೆ ಶಾಲೆಯ ಹುಡುಗನ ಹಾಗೆ ಬಲಗೈ ಎತ್ತಿದರು.

ಟೀಚರ್ ಮುಖ ಕಿವಿಯವರೆಗೆ ಕೆಂಪಾಯಿತು.

ಅತ್ತೆ ಅಜ್ಜನನ್ನು ನೋಡಿದರು, ಟೀಚರನ್ನು ನೋಡಿದರು, ನನ್ನ ಕೈ ಹಿಡಿದು ಜಗ್ಗಿದರು.

"ನೀ ಸುಮ್ನಿರವಾ. ಇದನ್ನ ಕನ್ನಡದಾಗ ಹೇಳೂದು ಬ್ಯಾಡ, ನನಗ ತಿಳೀತು."