ಒಂದು ಹನಿ ಹೆಚ್ಚಾದರೆ

"ಸುಳ್ಳು ಬೊಗಳಬೇಡ. ಸೀಸೆಗೆ ಏನು ಹಾಕಿದೆ?"

"ದಿನಾ ಹಾಕೋದೇ ಹಾಕಿದ್ದು ಸಾರ್."

"ದಿನಾ ಕಲ್ಲಿನ ಹಾಗೆ ಕೂತಿರೋ ಕಿಣ್ವ ಇವತ್ತು ಯಾಕಯ್ಯಾ ಎದ್ದು ಕುಣೀತಿದೆ?"

ಪ್ರಯೋಗಾಲಯದ ದೊಡ್ಡವರು ಸೀಸೆಯನ್ನು ಮೂಗಿಗೆ ಹಿಡಿದರು. ಹಣ್ಣಿನ ಘಮ, ಕಿಣ್ವ ಕೆಲಸ ಮಾಡಿದ ಗುರುತು. ವರ್ಷಗಟ್ಟಲೆ ಕಾದದ್ದು ಇದಕ್ಕೇ. ನೀರಲ್ಲಿ ಕೆಲಸ ಮಾಡುವ ಕಿಣ್ವವನ್ನು ಪೆಟ್ರೋಲಿನಂಥ ದ್ರಾವಕದಲ್ಲಿ ದುಡಿಸಬೇಕು. ಸಾಬೂನಿನಂಥ ಪುಡಿ ಬೆರೆಸಿದರೆ ದ್ರಾವಕದೊಳಗೆ ಕಣ್ಣಿಗೆ ಕಾಣದ ಕೋಣೆಗಳಾಗುತ್ತವೆ. ಒಂದೊಂದರಲ್ಲೂ ಚೂರು ನೀರು, ನೀರೊಳಗೆ ಕಿಣ್ವ, ಅತ್ತೆಮನೆಗೆ ಬಂದ ಹೊಸ ಸೊಸೆಯಂತೆ. ನೀರು ಕಮ್ಮಿಯಾದರೆ ಸೆಟೆದು ಕೂರುತ್ತದೆ. ಹೆಚ್ಚಾದರೆ ಕೋಣೆಯೇ ಒಡೆದು ಎಲ್ಲ ಸುಣ್ಣದ ನೀರಿನ ಹಾಗಾಗುತ್ತದೆ.

ಸಹಾಯಕನಿಗೆ ಸೀಸೆರಾಯ ಎಂದೇ ಅಡ್ಡಹೆಸರು. ಕೂಸಿನಂತೆ ಸೀಸೆಯನ್ನು ಎದೆಗವಚಿಕೊಂಡೇ ಓಡಾಡುತ್ತಿದ್ದ. "ಅದರ ಜೊತೆಗೇ ಸಂಸಾರ ಮಾಡಿ" ಎಂದು ಹೆಂಡತಿ ತವರಿಗೆ ಹೋಗಿದ್ದಳು. ಅಂದಿನಿಂದ ಮನೆಯಲ್ಲಿ ಎರಡು ತಟ್ಟೆ ತೊಳೆದಿಟ್ಟು ಒಂದರಲ್ಲಿ ಉಣ್ಣುತ್ತಿದ್ದ. ಕರೆತರಲು ರಜೆ ಕೇಳಿದರೆ ದೊಡ್ಡವರದು ಒಂದೇ ಮಾತು: ಮೊದಲು ಕಿಣ್ವ ಕೆಲಸ ಮಾಡಲಿ.

"ಈಗ ಮಾಡಿತಲ್ಲ ಸಾರ್. ರಜೆ ಕೊಡಿ."

"ನಾನು ಹೇಳ್ತೀನಿ," ಎಂದು ತೂಕದ ಮೇಜಿನಿಂದ ತಕ್ಕಡಿಯಕ್ಕ ಎದ್ದಳು. ಯಾರೂ ಕೇಳದಿದ್ದರೂ ಹೇಳುವುದು ಅವಳ ಗುಣ. "ಬೆಳಿಗ್ಗೆ ಹೆಂಡ್ತೀನ ನೆನೆಸ್ಕೊಂಡು ಸೀಸೆ ಮೇಲೆ ಬಗ್ಗಿ ಅಳ್ತಿದ್ದ. ಮೂಗಿನ ತುದಿಯಿಂದ ಒಂದು ಹನಿ ಒಳಗೆ ಬಿತ್ತು."

"ಕಣ್ಣೀರೋ, ಸಿಂಬಳವೋ?"

"ಕಣ್ಣೀರೇ ಸಾರ್," ಸೀಸೆರಾಯ ತಲೆ ತಗ್ಗಿಸಿದ.

ದೊಡ್ಡವರು ಕುರ್ಚಿಗೆ ಕುಸಿದರು. "ಹೆಂಡ್ತಿ ಬಂದ್ರೆ ಅಳ್ತೀಯಾ?"

"ಯಾಕೆ ಅಳಲಿ ಸಾರ್."

"ಹಾಗಾದ್ರೆ ರಜೆ ಇಲ್ಲ."

ಅಷ್ಟರಲ್ಲಿ ಬಾಗಿಲಲ್ಲಿ ಚೀಲ ಹಿಡಿದು ಹೆಂಡತಿ ನಿಂತಿದ್ದಳು. ಕಾದು ಕಾದು ತಾನೇ ಬಂದಿದ್ದಳು. ಸೀಸೆರಾಯ ಸೀಸೆ ಎತ್ತಿಕೊಂಡೇ ಎದುರು ಓಡಿದ.

ದೊಡ್ಡವರು ಕೈಮುಗಿದರು. "ತಾಯಿ, ಇನ್ನೊಂದು ತಿಂಗಳು ತವರಲ್ಲೇ ಇದ್ದುಬಿಡಿ. ಇವನ ಕಣ್ಣೀರು ಬೇಕಾಗಿದೆ."

ಅವಳು ಗಂಡನ ಮುಖ ನೋಡಿದಳು. "ನೀವೇನಂತೀರಿ?"

ಹೋಗಬೇಡ ಎನ್ನಬೇಕಿತ್ತು. "ಇದೊಂದು ಸೀಸೆ ಮುಗಿದ್ರೆ..." ಎಂದ ಪುಣ್ಯಾತ್ಮ.

"ಅದನ್ನ ಕೆಳಗಿಡೋಕೂ ಆಗಲ್ವಲ್ಲ ನಿಮಗೆ," ಎಂದು ಅವಳು ಹೊರಟೇಬಿಟ್ಟಳು.

ಅವನ ಕಣ್ಣೀರು ಕೋಡಿ ಹರಿಯಿತು. "ಹಿಡೀರಿ, ಸಾರ್, ಹಿಡೀರಿ," ಅಂದಳು ತಕ್ಕಡಿಯಕ್ಕ. ಹಿಡಿಯುವುದೇನು, ಎಲ್ಲ ನೇರ ಸೀಸೆಗೇ ಇಳಿಯುತ್ತಿತ್ತು. ತಿಳಿಯಾಗಿದ್ದ ದ್ರಾವಕ ಸುಣ್ಣದ ನೀರಾಯಿತು.

"ಸಾಕು, ನಿಲ್ಲಿಸಯ್ಯಾ," ದೊಡ್ಡವರು ತಲೆ ಚಚ್ಚಿಕೊಂಡರು.

ಅವನು ನಿಲ್ಲಿಸಲಿಲ್ಲ. ಕಿಟಕಿಯಾಚೆ ಬೀದಿಯ ತಿರುವಿನಲ್ಲಿ ಅವಳ ಚೀಲ ಕಂಡಿತು. ಆಮೇಲೆ ಅದೂ ಕಾಣಲಿಲ್ಲ.