“ಆತೇಂ” ಎಂದು ಹೇಳಿ ಕೆಂಪುಕೋಟೆ ಕಳೆದುಕೊಂಡದ್ದು

ನನಗೆ ಹಿಂದಿ ಬರುತ್ತದೆ ಎಂಬ ಸುದ್ದಿಯನ್ನು ದಾವಣಗೆರೆಯಲ್ಲಿ ಹಬ್ಬಿಸಿದವನು ನಾನೇ. ಹತ್ತಿ ಗಿರಣಿಯ ಗುಮಾಸ್ತನಿಗೆ ಹೇಳಿಕೊಳ್ಳಲು ಬೇರೆ ಯೋಗ್ಯತೆ ಇರಲಿಲ್ಲ. ಸರಸ್ವತಿ ನಗರದಲ್ಲಿ ನಮ್ಮ ಪಕ್ಕದ ಮನೆಯವರು ಬಳೆ ವ್ಯಾಪಾರಿ ಮಹಬೂಬ್ ಸಾಬರು. ದಿನಾ ಸಂಜೆ ಅವರ ಕಟ್ಟೆಯ ಮೇಲೆ ಕೂತು ಅವರ ಉರ್ದುವನ್ನು ಕೇಳಿ, ಅದನ್ನೇ ತಿರುಗಿ ಅವರಿಗೆ ಹೇಳುತ್ತಿದ್ದೆ. ಅವರು ನಗುತ್ತಿದ್ದರು. ಅದನ್ನು ಮೆಚ್ಚುಗೆ ಎಂದುಕೊಂಡು ನಾನು ಪಂಡಿತನಾದೆ.

ಈ ಪಾಂಡಿತ್ಯವನ್ನು ನಂಬಿ ಕೆಟ್ಟವಳು ನನ್ನ ಅಕ್ಕ, ಹರಿಹರದ ಗಂಗಕ್ಕ. ತಾಯಿಯಿಲ್ಲದ ನನ್ನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು. ಆಕೆಗೆ ಇದ್ದದ್ದು ಒಂದೇ ಆಸೆ: ದೆಹಲಿಯ ಕೆಂಪುಕೋಟೆಯನ್ನು ಒಳಹೊಕ್ಕು ನೋಡಬೇಕು. ಪ್ರತಿ ಆಗಸ್ಟ್ ಹದಿನೈದರಂದು ರೇಡಿಯೊ ಮುಂದೆ ಕೂತು, ಅಲ್ಲಿಂದ ಬರುವ ಹಿಂದಿ ಭಾಷಣವನ್ನು ಒಂದಕ್ಷರ ತಿಳಿಯದಿದ್ದರೂ ಪೂರ್ತಿ ಕೇಳುತ್ತಿದ್ದಳು. ಜನಗಣಮನ ಬಂದರೆ ಕೈಯಲ್ಲಿದ್ದ ಸೌಟಿನ ಸಮೇತ ಎದ್ದು ನಿಲ್ಲುತ್ತಿದ್ದಳು.

ಹಾಗಾದರೆ ಹೋಗಿಬರೋಣ ಎಂದರೆ, “ನನಗೆ ಆ ಕಡೆ ಭಾಷೆ ಬರಂಗಿಲ್ಲಲ್ಲೋ” ಎಂದಳು ಅಕ್ಕ.

“ನಾನಿದೀನಲ್ಲ” ಎಂದೆ. ಇಂಥ ಮಾತಾಡುವವರಿಗೆ ಸರಕಾರ ಜುಲ್ಮಾನೆ ಹಾಕಬೇಕು.

ಅಂತೂ ನಾನು, ನನ್ನ ಹೆಂಡತಿ ಗಿರಿಜಾ, ಅಕ್ಕ ಮೂವರೂ ರೈಲು ಬದಲಿಸಿ ಬದಲಿಸಿ ದೆಹಲಿ ಸೇರಿದೆವು. ನೋಡಲು ಇದ್ದದ್ದು ಒಂದೇ ದಿನ. ಮರುದಿನ ಬೆಳಿಗ್ಗೆಯೇ ವಾಪಸ್ ರೈಲು. ಹಾಗಾಗಿ ಊರು ತೋರಿಸುವ ಬಸ್ಸಿನಲ್ಲಿ ಸೀಟು ಹಿಡಿದೆ. ಬಸ್ಸಿಗೊಬ್ಬ ಗೈಡ್ ಇದ್ದ. ಬಾಯಿತುಂಬ ಪಾನ್ ಇಟ್ಟುಕೊಂಡು, ಒಬ್ಬ ಬಾದಷಹನನ್ನು ಹುಟ್ಟಿಸಿ ನಾವು ಕತ್ತು ತಿರುಗಿಸುವುದರೊಳಗೆ ಸಾಯಿಸಿಬಿಡುತ್ತಿದ್ದ. ಕುತುಬ್ ಮಿನಾರಿನ ಹತ್ತಿರ ಇಳಿಸಿ, ಕೆಂಪುಕೋಟೆ ಎಲ್ಲಕ್ಕಿಂತ ಕಡೆಗೆ, ಅದೂ ಹದಿನೈದೇ ನಿಮಿಷ ಎಂದು ಸಾರಿದ. ನಾನು ಅದನ್ನು ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ.

“ಅಷ್ಟು ದೂರದಿಂದ ಬಂದೀವಿ. ಹದಿನೈದು ನಿಮಿಷದಾಗ ಏನು ನೋಡದು?” ಎಂದಳು. ಮುಖ ಸಣ್ಣದಾಯಿತು. ನನಗೆ ತಡೆಯಲಾಗಲಿಲ್ಲ.

“ಈ ಬಸ್ಸೇ ಬ್ಯಾಡ. ಈಗಲೇ ನಾನು ಕರ್ಕೊಂಡು ಹೋಗ್ತೀನಿ ನಡಿ, ಸಂಜೆತನಕ ನೋಡುವಿಯಂತೆ” ಎಂದೆ.

“ಸುಮ್ನೆ ಎಲ್ಲರ ಜೊತಿಗೆ ಇರಾನ್ರಿ” ಎಂದಳು ಗಿರಿಜಾ. ಪಂಡಿತರು ಹೆಂಗಸರ ಮಾತು ಕೇಳುವುದುಂಟೆ?

ಹೇಳದೆ ಹೊರಡುವುದು ಮರ್ಯಾದೆಯಲ್ಲ. ಗೈಡನ ಬಳಿ ಹೋದೆ. ನಮ್ಮ ಕಡೆ ಹೊರಟವರು “ಹೋಗ್ತೀನಿ” ಎಂದು ಯಾವತ್ತಾದರೂ ಹೇಳಿದ್ದುಂಟೆ? “ಬರ್ತೀನಿ” ಎಂದೇ ಹೇಳಬೇಕು. ಮಹಬೂಬ್ ಸಾಬರೂ ಅಂಗಡಿಗೆ ಹೊರಡುವಾಗ “ಆತೂಂ” ಎನ್ನುವವರೇ. ಪಕ್ಕದಲ್ಲಿ ಅಕ್ಕ ಬೇರೆ ನಿಂತಿದ್ದಾಳೆ. ಅಪಶಕುನದ ಮಾತು ನನ್ನ ಬಾಯಲ್ಲಿ ಬಂದೀತೆ? ಕೈಮುಗಿದು ಹೇಳಿದೆ:

“ಅಚ್ಛಾ ಸಾಬ್, ಹಮ್ ಆತೇಂ.”

“ಜಲ್ದಿ ಆನಾ” ಎಂದ ಗೈಡ್.

“ಏನಂದ?” ಎಂದಳು ಅಕ್ಕ.

“ಮತ್ತೆ ಲಗೂನೆ ದೆಹಲಿಗೆ ಬರ್ರಿ ಅಂದ. ಒಳ್ಳೆ ಸಂಸ್ಕಾರವಂತ” ಎಂದು ಅರ್ಥ ವಿವರಿಸಿದೆ.

ಹೊರಗೆ ಒಂದು ಆಟೊ ಹಿಡಿದೆವು. ನಮ್ಮನ್ನು ಏನೆಂದು ತಿಳಿದನೋ, ನಾನು ಬಾಯಿ ಬಿಡುವ ಮೊದಲೇ ಅವನು “ಹೌಜ್ ಖಾಸ್?” ಎಂದು ಕೇಳಿದ. ನಾನು ಸಾಬರ ಉರ್ದುವಿನಲ್ಲಿ ಗಟ್ಟಿಯಾಗಿ “ನಕ್ಕೋ” ಎಂದೆ. ದಾವಣಗೆರೆಯ ಬಜಾರಿನಲ್ಲಿ ನಕ್ಕೋ ಎಂದರೆ ಬೇಡ ಎಂದು ಎಳೆ ಕೂಸಿಗೂ ಗೊತ್ತು. ದೆಹಲಿಯ ಆ ಪುಣ್ಯಾತ್ಮನಿಗೆ ಗೊತ್ತಿರಲಿಲ್ಲ. ಒಪ್ಪಿದೆನೆಂದುಕೊಂಡು ಹೊರಟೇಬಿಟ್ಟ. ಹೌಜ್ ಖಾಸ್ ಎಂಬಲ್ಲಿ ಯಾವುದೋ ಪಾಳುಗೋಡೆಗಳ ಮುಂದೆ ಇಳಿಸಿಹೋದ.

ಅಕ್ಕ ಸುತ್ತ ನೋಡಿದಳು. “ಇದೇನೋ ಕೆಂಪುಕೋಟೆ? ಭಾಷಣ ಮಾಡಾರು ಎಲ್ಲಿ ನಿಲ್ತಾರೆ?”

ಅಲ್ಲಿಂದ ಸಿಟಿ ಬಸ್ಸು, ಆ ಬಸ್ಸು ಬೇರೆ ದಿಕ್ಕಿಗೆ, ಅಲ್ಲಿಂದ ಇನ್ನೊಂದು ಬಸ್ಸು. ಪ್ರತಿಯೊಂದು ಬಸ್ಸನ್ನೂ ನಾನೇ ವಿಚಾರಿಸಿ ಹತ್ತಿಸಿದ್ದು. ಊಟವಿಲ್ಲ, ನೀರಿಲ್ಲ. ಕೆಂಪುಕೋಟೆಯ ಬಾಗಿಲಿಗೆ ಬಂದಾಗ ಬಿಸಿಲು ಇಳಿದಿತ್ತು. ಆದರೂ ಬಾಗಿಲು ತೆರೆದಿತ್ತು. ಟಿಕೆಟ್ ಸಿಕ್ಕಿತು. ಅಕ್ಕ ಸೆರಗು ಸರಿಮಾಡಿಕೊಂಡು ಚಪ್ಪಲಿ ಬಿಡಲು ಹೋದಳು. ಇದು ಗುಡಿಯಲ್ಲ, ಹಾಕಿಕೊಂಡೇ ಬಾ ಎಂದೆ. ಆಕೆಯ ಕಣ್ಣುಗಳು ಆಗ ಹೇಗಿದ್ದವೆಂದು ಬರೆಯಲು ನನಗೆ ಮನಸ್ಸಿಲ್ಲ.

ಅಷ್ಟರಲ್ಲಿ ಹಿಂದಿನಿಂದ ನನ್ನ ಕಾಲರಿಗೆ ಯಾರೋ ಕೈ ಹಾಕಿದರು. ಗೈಡ್! ಅವನ ಹಿಂದೆ ನಮ್ಮ ಬಸ್ಸು, ಬಸ್ಸಿನ ಕಿಟಕಿಗಳ ತುಂಬ ನಮ್ಮನ್ನೇ ನುಂಗುವಂತೆ ನೋಡುವ ಮುಖಗಳು. “ಆತೇಂ” ಎಂದು ಹೋದವರು ಬರಲಿಲ್ಲವೆಂದು ಅವರೆಲ್ಲ ಕುತುಬ್ ಮಿನಾರಿನಲ್ಲಿ ಕಾದಿದ್ದರು. ಪೊದೆ ಪೊದೆಯಲ್ಲೂ ನಮ್ಮನ್ನು ಹುಡುಕಿದ್ದರು. ಕಡೆಗೆ ಪೊಲೀಸರಿಗೆ ದೂರು ಕೊಟ್ಟಿದ್ದರು: ಒಬ್ಬ ಮದ್ರಾಸಿ ಗಂಡಸು, ಇಬ್ಬರು ಹೆಂಗಸರು ಕಾಣೆಯಾಗಿದ್ದಾರೆ. ಅವರು ನೋಡಬೇಕಿದ್ದ ಜಾಗಗಳೆಲ್ಲ ನಮ್ಮಿಂದಾಗಿ ತಪ್ಪಿಹೋಗಿದ್ದವು.

ಕಾಣೆಯಾದವರು ಮೂವರೂ ಖುದ್ದು ಬಂದು ಮುಖ ತೋರಿಸಿದರೇ ದೂರು ರದ್ದು ಎಂದು ಗೈಡ್ ನಮ್ಮನ್ನು ಕೋಟೆಯ ಪಕ್ಕದ ಪೊಲೀಸ್ ಚೌಕಿಗೆ ಎಳೆದೊಯ್ದ. ಅಲ್ಲಿನ ದಫೇದಾರ ಕೇಳಿದ, “ಆತೇ ಹೈಂ ಬೋಲಾ, ಫಿರ್ ಆಯೇ ಕ್ಯೂಂ ನಹೀಂ?” ಬರ್ತೀವಿ ಅಂದವರು ಯಾಕೆ ಬರಲಿಲ್ಲ?

ನಮ್ಮ ಕಡೆ ಹೋಗುವಾಗ ಬರ್ತೀವಿ ಎನ್ನುತ್ತೇವೆ ಎಂದು ವಿವರಿಸಿದೆ.

ಹಾಗಾದರೆ ಬರುವಾಗ ಏನನ್ನುತ್ತೀರಿ?

ಆಗಲೂ ಬರ್ತೀವಿ ಎನ್ನುತ್ತೇವೆ.

ದಫೇದಾರ ಪೆನ್ನು ಕೆಳಗಿಟ್ಟ. ಇನ್ನೊಬ್ಬನನ್ನು ಕರೆದು, ನನ್ನಿಂದ ಅದನ್ನೇ ಮತ್ತೊಮ್ಮೆ ಹೇಳಿಸಿದ. ಇಬ್ಬರೂ ನಕ್ಕರು. ಈ ಸಲ ಅದು ಮೆಚ್ಚುಗೆಯಲ್ಲ ಎಂದು ನನಗೂ ತಿಳಿಯಿತು. ಹೊರಬಂದಾಗ ಕೋಟೆಯ ಬಾಗಿಲು ಹಾಕಿತ್ತು.

ಕಾವಲಿನವನ ಮುಂದೆ ಗೋಗರೆದೆ. ನನಗೆ ಗೊತ್ತಿದ್ದ ಉರ್ದುವನ್ನೆಲ್ಲ ಸುರಿದೆ. ಅವನು ಇಲ್ಲವೆಂದು ತಲೆಯಾಡಿಸುತ್ತಲೇ ಇದ್ದ. ಅಕ್ಕ ದೂರದಲ್ಲಿ ನಿಂತು ಗೋಡೆಯನ್ನು ಮೇಲಿಂದ ಕೆಳಗೆ ನೋಡುತ್ತಿದ್ದಳು.

“ಹೋಗ್ತೀವಿ ಅಂತಲೇ ಅಂದಿದ್ರೆ ಏನಾಗ್ತಿತ್ತ್ರಿ?” ಎಂದಳು ಗಿರಿಜಾ.

“ಅವನಿಗೇನೂ ಅನ್ನಬ್ಯಾಡ. ಹಂಗಂದಿದ್ರೆ ನಾನೇ ಬೈತಿದ್ದೆ” ಎಂದಳು ಅಕ್ಕ. ಬೈದಿದ್ದರೇ ಚೆನ್ನಾಗಿತ್ತು. ಹರಿಹರದವರೆಗೂ ಆಕೆ ನನ್ನನ್ನು ಬೈಯಲೇ ಇಲ್ಲ. ರೈಲಿನಲ್ಲಿ ನನಗೇ ಮೊದಲು ಬುತ್ತಿ ಬಿಚ್ಚಿ ಕೊಟ್ಟಳು.

ಹರಿಹರದ ಮನೆಗೆ ಬರುತ್ತಲೇ ಓಣಿಯ ಹೆಂಗಸರೆಲ್ಲ ಪಡಸಾಲೆ ತುಂಬ ಕೂತರು.

“ಕೆಂಪುಕೋಟೆ ಹೆಂಗೈತೆ ಗಂಗಕ್ಕ? ಹೇಳು ಮತ್ತೆ.”

ಅಕ್ಕ ನಿಧಾನಕ್ಕೆ ಎಲೆ ಅಡಿಕೆ ಮಡಚಿ ಬಾಯಿಗಿಟ್ಟುಕೊಂಡಳು. “ಹೊರಗ ಕೆಂಪಗೈತೆ” ಎಂದಳು. “ಒಳಗ ಹೆಂಗೈತೋ, ನನಗೇನು ತಿಳೀತದೆ? ನಮ್ಮ ತಮ್ಮಗ ಹಿಂದಿ ಬರ್ತೈತಲ್ಲ, ಅವನ್ನೇ ಕೇಳ್ರಿ.”

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಚಪ್ಪಲಿ ಹುಡುಕತೊಡಗಿದೆ.