ಮೊಲದ ಪಾಲಾದ ಕಾಡು

ಎದುರುಮನೆ ಅಜ್ಜಿಗೆ ಕಳೆ ಕಂಡರೆ ಆಗದು. ನಮ್ಮ ಸಂಶೋಧಕನ ಗ್ರಹಚಾರ ಕೆಟ್ಟಿದ್ದು ಅಲ್ಲಿಂದಲೇ.

ದಟ್ಟ ಕಾಡಿನ ಮಣ್ಣಿನಲ್ಲಿ ಎಂಥೆಂಥ ಮರಗಿಡಗಳ ಬೀಜಗಳು ಮಲಗಿರುತ್ತವೆ, ಎಷ್ಟು ಮೊಳೆಯುತ್ತವೆ, ಎಷ್ಟು ಬದುಕುತ್ತವೆ ಎಂಬುದು ಅವನ ಅಧ್ಯಯನ. ಜಿಗಣೆಗಳಿಗೆ ರಕ್ತದಾನ ಮಾಡಿ ಹೊತ್ತು ತಂದ ಮಣ್ಣನ್ನು ತಾರಸಿಯ ಮೇಲೆ ಟ್ರೇಗಳಲ್ಲಿ ಹರಡಿ, ಹಸುಗೂಸಿನಂತೆ ಸಾಕಿದ್ದ. ಸಸಿಗಳೂ ಎದ್ದಿದ್ದವು. ಇವತ್ತು ಪ್ರೊಫೆಸರ್ ಮೇಡಂ ನೋಡಲು ಬರುವವರಿದ್ದರು. ಅವರು ಒಪ್ಪದಿದ್ದರೆ ಸಂಶೋಧನೆಗೆ ಅಲ್ಲಿಗೇ ಮಂಗಳ ಹಾಡಿದಂತೆ.

ಬೆಳಿಗ್ಗೆ ತಾರಸಿ ಹತ್ತಿದರೆ ಟ್ರೇಗಳು ಆಗಷ್ಟೇ ಬೋಳಿಸಿದ ತಲೆಯ ಹಾಗೆ ನುಣ್ಣಗಿದ್ದವು.

“ಅಜ್ಜೀ! ಇಲ್ಲಿದ್ದ ಗಿಡಗಳೆಲ್ಲಿ?”

“ಬರೀ ಕಳೆ ಕಣಪ್ಪಾ. ನಿನಗೆಲ್ಲಿ ಪುರಸೊತ್ತು ಅಂತ ನಾನೇ ಕಿತ್ತು ಕೆಳಗಿನ ಮನೆ ಟೈಲರ್ ಮೊಲಕ್ಕೆ ಹಾಕ್ದೆ.”

ಎರಡೆರಡು ಮೆಟ್ಟಿಲು ಹಾರಿ ಓಡಿದ. ಮೊಲ ಕೊನೆಯ ಎಲೆಯನ್ನು ತೀರ್ಪು ಬರೆಯುವ ಜಡ್ಜರ ಗಾಂಭೀರ್ಯದಲ್ಲಿ ಮೆಲ್ಲುತ್ತಿತ್ತು.

“ಇವತ್ತು ಚೆನ್ನಾಗಿ ತಿಂದಿದೆ ಸಾರ್. ದಿನಾ ಇದನ್ನೇ ಹಾಕಿ,” ಎಂದ ಟೈಲರ್.

ಸುದ್ದಿ ಹಬ್ಬಿದ್ದೇ ತಡ, ಇಡೀ ಕಟ್ಟಡ ಅಯ್ಯೋ ಪಾಪ ಎನ್ನುತ್ತಾ ನೆರವಿಗೆ ಬಂತು. ಒಬ್ಬರು ಗುಲಾಬಿ ಕಡ್ಡಿ ನೆಟ್ಟರು, ಇನ್ನೊಬ್ಬರು ಚರಂಡಿ ಪಕ್ಕದ ಹುಲ್ಲು. ಅಜ್ಜಿ ತಪ್ಪಿಗೆ ಪ್ರಾಯಶ್ಚಿತ್ತವಾಗಿ ಬೇರುಸಹಿತ ಕೊತ್ತಂಬರಿ ತಂದರು. “ಬೇಡ, ಇದು ಮೋಸ!” ಎಂದು ಅವನು ಬಡಕೊಳ್ಳುತ್ತಿದ್ದಂತೆ ಟ್ರೇಗಳು ತುಂಬಿಬಿಟ್ಟವು. ಮೇಡಂ ಬಂದೂಬಿಟ್ಟರು.

ಬಗ್ಗಿ ನೋಡಿದರು. ಮೂಸಿದರು. “ಏನ್ರೀ, ನಿಮ್ಮ ಕಾಡಲ್ಲಿ ಕೊತ್ತಂಬರಿ ಬೆಳೆಯುತ್ತಾ?”

ಅವನು ಇದ್ದದ್ದು ಇದ್ದ ಹಾಗೆ ಒಪ್ಪಿಸಿದ. ಮೇಡಂ ಬೈಯಲಿಲ್ಲ, ಮುಖ ಊರಗಲವಾಯಿತು.

“ಮೊಲ ತಿಂತಾ? ಕಾಡಲ್ಲೂ ಸಸಿಗಳು ಸಾಯೋದು ಹೀಗೇ ಅಲ್ವೇನ್ರೀ! ಯಾವ ಗಿಡ ಬಾಯಿಗೆ ಬಿತ್ತು, ಯಾವುದು ತಪ್ಪಿಸ್ಕೊಂಡಿತು, ಇದೇ ನಿಮ್ಮ ಹೊಸ ವಿಷಯ.”

ಅವನಿಗೆ ಹೋದ ಜೀವ ಬಂದಂತಾಯಿತು. ಅಜ್ಜಿಗೆ ಕೈಮುಗಿದ. “ಎಲ್ಲಿಂದ ಶುರು ಮಾಡ್ಲಿ ಮೇಡಂ?”

“ಮೊಲದ ಹಿಕ್ಕೆಯಿಂದ. ಅದರಲ್ಲಿ ಎಲೆಯ ಚೂರು ಉಳಿದಿರುತ್ತೆ, ಸೂಕ್ಷ್ಮದರ್ಶಕದಲ್ಲಿ ನೋಡಿದ್ರೆ ಯಾವ ಗಿಡ ಅಂತ ಗೊತ್ತಾಗುತ್ತೆ. ಒಂದೂ ಬಿಡದೆ ಆರಿಸಿ.”

ಸಂಜೆಯವರೆಗೂ ಚಮಚ ಹಿಡಿದು ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಬೆನ್ನ ಹಿಂದೆ ಇಡೀ ಕಟ್ಟಡ ಉಸಿರು ಬಿಗಿಹಿಡಿದು ನಿಂತಿತ್ತು. ಮೊಲ ಮಾತ್ರ ಮಿಸುಕಲಿಲ್ಲ.

“ಸಾರ್,” ಎಂದ ಟೈಲರ್ ಸಂಕೋಚದಿಂದ, “ಇಷ್ಟು ಜನ ಕಣ್ಣು ಬಿಟ್ಕೊಂಡು ನೋಡ್ತಿದ್ರೆ ಅದಕ್ಕಾದ್ರೂ ಹೇಗೆ ಬರುತ್ತೆ?”